ಗಡ್ಡೆಯ ಗುಣ ಹೇಳುವ ಸ್ಕ್ಯಾನ್

ಮಿದುಳಿನಲ್ಲಿ ಗಡ್ಡೆಯಿದೆ ಎಂದು ಗೊತ್ತಾದ ಕೂಡಲೇ ಮನೆಯವರು ಕೇಳುವುದು ಒಂದೇ: ಅದು ಬೇಗ ಬೆಳೆಯುವಂಥದ್ದೇ? ಗ್ಲಿಯೋಮಾ ಜಾತಿಯ ಗಡ್ಡೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 1ರಿಂದ 4ರವರೆಗೆ ದರ್ಜೆ ಕಟ್ಟಿ ವಿಂಗಡಿಸಿದೆ. 4ನೆಯದು ಅತಿ ಉಗ್ರ. ಖಚಿತ ದರ್ಜೆ ತಿಳಿಯುವುದು ಗಡ್ಡೆಯ ಚೂರನ್ನು ಪರೀಕ್ಷಿಸಿದ ಮೇಲೆಯೇ. ಆದರೂ ತಲೆಬುರುಡೆ ತೆರೆಯುವ ಮೊದಲೇ ಎಂಆರ್‌ಐ ಸಾಕಷ್ಟು ಸುಳಿವು ಕೊಡಬಲ್ಲದು.

ಗ್ಯಾಡೊಲಿನಿಯಂ ಎಂಬ ಕಾಂಟ್ರಾಸ್ಟ್ ಮದ್ದು ಚುಚ್ಚಿ ತೆಗೆದ ಚಿತ್ರದಲ್ಲಿ ಉಗ್ರ ಗಡ್ಡೆ ಸಾಮಾನ್ಯವಾಗಿ ಬೆಳ್ಳಗೆ ಹೊಳೆಯುತ್ತದೆ. ಅಲ್ಲಿನ ರಕ್ತನಾಳಗಳು ಸೋರುವುದೇ ಇದಕ್ಕೆ ಕಾರಣ. ಆದರೆ ಹೊಳಪನ್ನಷ್ಟೇ ನಂಬುವಂತಿಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಪೈಲೊಸೈಟಿಕ್ ಆಸ್ಟ್ರೊಸೈಟೋಮಾ 1ನೇ ದರ್ಜೆಯದಾದರೂ ಚೆನ್ನಾಗಿ ಹೊಳೆಯುತ್ತದೆ. ಕೆಲವು ಉಗ್ರ ಗಡ್ಡೆಗಳು ಹೊಳೆಯುವುದೇ ಇಲ್ಲ. ಅದಕ್ಕೇ ಪರ್ಫ್ಯೂಷನ್ ಸ್ಕ್ಯಾನ್‌ನಲ್ಲಿ ಗಡ್ಡೆಯೊಳಗಿನ ರಕ್ತದ ಪ್ರಮಾಣವನ್ನೂ, ಡಿಫ್ಯೂಷನ್ ಸ್ಕ್ಯಾನ್‌ನಲ್ಲಿ ನೀರಿನ ಅಣುಗಳ ಓಡಾಟವನ್ನೂ ಅಳೆಯುತ್ತಾರೆ. ಜೀವಕೋಶಗಳು ಒತ್ತೊತ್ತಾಗಿ ಬೆಳೆದಲ್ಲಿ ನೀರಿಗೆ ಸರಿದಾಡಲು ಜಾಗವಿರುವುದಿಲ್ಲ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು 2017ರಲ್ಲಿ ವರದಿಯಾದ ಒಂದು ಗುರುತು. ಒಂದೇ ಗಡ್ಡೆಯ ಟಿ2 ಮತ್ತು ಫ್ಲೇರ್ ಎಂಬ ಎರಡು ಬಗೆಯ ಎಂಆರ್‌ಐ ಚಿತ್ರಗಳನ್ನು ಅಕ್ಕಪಕ್ಕ ಇಡಬೇಕು. ಟಿ2 ಚಿತ್ರದಲ್ಲಿ ಗಡ್ಡೆಯೆಲ್ಲ ಒಂದೇ ಸಮನೆ ಬಿಳಿ. ಫ್ಲೇರ್ ಚಿತ್ರದಲ್ಲಿ ಅದೇ ಗಡ್ಡೆಯ ಒಡಲು ಕಪ್ಪಾಗಿ, ಅಂಚಿನಲ್ಲಿ ಮಾತ್ರ ಬಿಳಿ ಉಂಗುರ ಉಳಿದಿರುತ್ತದೆ. ವಯಸ್ಕರ ಗ್ಲಿಯೋಮಾದಲ್ಲಿ ಇದು ಸ್ಪಷ್ಟವಾಗಿ ಕಂಡರೆ, ಐಡಿಎಚ್ ಜೀನ್ ಬದಲಾದ ಆಸ್ಟ್ರೊಸೈಟೋಮಾ ಇರುವ ಸಂಭವ ಬಹಳ ಹೆಚ್ಚು. ಈ ಜೀನ್ ಬದಲಾಗದ, ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಗಡ್ಡೆ ಇರುವವರಿಗಿಂತ ಇಂಥ ಗಡ್ಡೆಯವರು ಸರಾಸರಿಯಲ್ಲಿ ಹೆಚ್ಚು ಕಾಲ ಬದುಕುತ್ತಾರೆ. ಜೀನಿನಲ್ಲಿ ಆದ ಬದಲಾವಣೆ ಬರಿಯ ಕಪ್ಪು ಬಿಳುಪಿನಲ್ಲಿ ಹೊರಗೆ ಕಾಣುತ್ತದೆ! ಗುರುತು ಕಾಣದಿದ್ದರೆ ಮಾತ್ರ ಏನೂ ಹೇಳಲಾಗದು. ಐಡಿಎಚ್ ಬದಲಾದ ಎಷ್ಟೋ ಗಡ್ಡೆಗಳಲ್ಲಿ ಅದು ಇರುವುದಿಲ್ಲ.

ಈ ಸುಳಿವುಗಳಿಂದ ಶಸ್ತ್ರವೈದ್ಯರಿಗೆ ನೇರ ಉಪಯೋಗವಿದೆ. ಗಡ್ಡೆಯ ಎಲ್ಲ ಭಾಗವೂ ಒಂದೇ ದರ್ಜೆಯದಲ್ಲ. ಬಯಾಪ್ಸಿ ಸೂಜಿ ಸೌಮ್ಯ ಭಾಗಕ್ಕೆ ಹೋದರೆ ರೋಗದ ಉಗ್ರತೆ ಮುಚ್ಚಿಹೋಗುತ್ತದೆ. ಉಗ್ರತೆಯ ಸುಳಿವು ಕೊಡುವ, ರಕ್ತ ಹೆಚ್ಚು ತುಂಬಿದ ಜಾಗಕ್ಕೇ ಸೂಜಿ ಇಳಿಸಲು ಸ್ಕ್ಯಾನ್ ದಾರಿ ತೋರಿಸುತ್ತದೆ.

ಗಡ್ಡೆ ಎಷ್ಟು ಬೇಗ ಬೆಳೆಯುತ್ತಿದೆ ಎಂದು ತಿಳಿಯಲು ಹಳೆಯ ಚಿತ್ರದೊಂದಿಗೆ ಹೊಸದನ್ನು ಹೋಲಿಸಲೇಬೇಕು. ಆದ್ದರಿಂದ ವರದಿಯ ಹಾಳೆಯೊಂದನ್ನೇ ಜೋಪಾನ ಮಾಡಬೇಡಿ. ಸ್ಕ್ಯಾನ್‌ನ ಸಿಡಿಯನ್ನೂ ಕೇಳಿ ಪಡೆದು, ಪ್ರತಿ ಸಲವೂ ವೈದ್ಯರ ಬಳಿ ಒಯ್ಯಿರಿ.