ನಿಮಗಿದು ಗೊತ್ತೇ? ಮಾತುಕತೆಗೆ ಕೂರಬೇಕಾದವರೇ ಹತರಾದಾಗ

ಬಂಡುಕೋರ ನಾಯಕನೊಬ್ಬನನ್ನು ಆಕಾಶದಿಂದ ಹೊಡೆದುರುಳಿಸಿದ ಸುದ್ದಿ ಬಂದಾಗಲೆಲ್ಲ ಒಂದು ಪ್ರಶ್ನೆ ಕೇಳಲೇಬೇಕು: ಇನ್ನು ಆ ಕಡೆಯಿಂದ ಮಾತಾಡುವವರು ಯಾರು? ಶ್ರೀಲಂಕಾದ ತಮಿಳರ ಸಶಸ್ತ್ರ ಹೋರಾಟದ ವರ್ಷಗಳಲ್ಲಿ ಚೆನ್ನೈ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸಿತು. ಅಲ್ಲಿಂದಲೇ ಶುರುಮಾಡೋಣ.

● 1982ರ ಮೇ 19ರಂದು ಮದ್ರಾಸಿನ (ಇಂದಿನ ಚೆನ್ನೈ) ಪಾಂಡಿ ಬಜಾರಿನಲ್ಲಿ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇಯ ನಾಯಕ ಪ್ರಭಾಕರನ್ ಮತ್ತು ಆ ಸಂಘಟನೆಯಿಂದ ಬೇರೆಯಾಗಿದ್ದ ಉಮಾ ಮಹೇಶ್ವರನ್ ನಡುವೆ ಗುಂಡು ಹಾರಿತು. ಇಬ್ಬರೂ ಸೆರೆಯಾದರು. ಅವರನ್ನು ಒಪ್ಪಿಸಿ ಎಂದು ಶ್ರೀಲಂಕಾ ಕೇಳಿತು, ಭಾರತ ಒಪ್ಪಿಸಲಿಲ್ಲ. ಮೂರೇ ವರ್ಷಗಳಲ್ಲಿ ಇಬ್ಬರ ಸಂಘಟನೆಗಳೂ ಕೊಲಂಬೊ ಸರ್ಕಾರದೊಂದಿಗೆ ಮಾತುಕತೆಗೆ ಕುಳಿತವು.

● ಆ ಮಾತುಕತೆ ನಡೆದದ್ದು ಭೂತಾನಿನ ಥಿಂಪುವಿನಲ್ಲಿ, 1985ರ ಜುಲೈ ಮತ್ತು ಆಗಸ್ಟ್‌ನಲ್ಲಿ. ಆರು ತಮಿಳು ಸಂಘಟನೆಗಳು ಪ್ರತಿನಿಧಿಗಳನ್ನು ಕಳಿಸಿದವು. ಪ್ರಭಾಕರನ್ ಮದ್ರಾಸಿನಲ್ಲೇ ಉಳಿದರು. ಥಿಂಪುವಿನಿಂದ ಮದ್ರಾಸಿಗೆ ನೇರ ದೂರವಾಣಿ ಸಂಪರ್ಕ ಇಡಲಾಗಿತ್ತು. ಸಭೆ ಹಿಮಾಲಯದಲ್ಲಿ, ತೀರ್ಮಾನ ಮದ್ರಾಸಿನಲ್ಲಿ!

● ವವುನಿಯಾದಲ್ಲಿ ತಮಿಳರ ಹತ್ಯೆ ನಡೆದ ಸುದ್ದಿ ಬಂದದ್ದೇ ತಡ, ತಮಿಳು ಪ್ರತಿನಿಧಿಗಳು ಥಿಂಪು ಸಭೆಯಿಂದ ಎದ್ದು ನಡೆದರು. ಬೇಸರಗೊಂಡ ದೆಹಲಿ, ಎಲ್‌ಟಿಟಿಇಯ ಸಂಧಾನಕಾರ ಆ್ಯಂಟನ್ ಬಾಲಸಿಂಗಂ ಸೇರಿ ಮೂವರನ್ನು ದೇಶದಿಂದ ಹೊರಹಾಕಲು ಆದೇಶಿಸಿತು. ತಮಿಳುನಾಡಿನಲ್ಲಿ ಪ್ರತಿಭಟನೆ ಎದ್ದಿತು. ಕೆಲವು ತಿಂಗಳಲ್ಲಿ ಬಾಲಸಿಂಗಂ ಮದ್ರಾಸಿಗೆ ಮರಳಿದರು. ಹೊರಹಾಕಿದವರನ್ನು ಮತ್ತೆ ಕರೆಸಿಕೊಳ್ಳಬಹುದು, ಕೊಂದವರನ್ನಲ್ಲ.

● ಈ ಸಂಧಾನದ ಒಂದು ಅಧ್ಯಾಯ ನಮ್ಮ ಬೆಂಗಳೂರಿನಲ್ಲೇ ನಡೆದಿದೆ. 1986ರ ನವೆಂಬರ್‌ನಲ್ಲಿ ಇಲ್ಲಿ ಸಾರ್ಕ್ ಶೃಂಗಸಭೆ ಸೇರಿದಾಗ ಪ್ರಭಾಕರನ್ ಮತ್ತು ಬಾಲಸಿಂಗಂ ಅವರನ್ನು ಮದ್ರಾಸಿನಿಂದ ವಿಮಾನದಲ್ಲಿ ಕರೆತರಲಾಯಿತು. ತಮಿಳುನಾಡಿನ ಆಗಿನ ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ಕೂಡ ಬಂದಿದ್ದರು. ಶ್ರೀಲಂಕಾದ ಪೂರ್ವ ಪ್ರಾಂತವನ್ನು ಮೂರು ಭಾಗ ಮಾಡುವ ಪ್ರಸ್ತಾವವನ್ನು ಪ್ರಭಾಕರನ್ ತಳ್ಳಿಹಾಕಿದರು.

● 1987ರ ಜುಲೈ 29ರ ಭಾರತ–ಶ್ರೀಲಂಕಾ ಒಪ್ಪಂದಕ್ಕೆ ಮಾರಕ ಪೆಟ್ಟು ಬಿದ್ದದ್ದು ಸಾವುಗಳಿಂದಲೇ. ಸಮುದ್ರದಲ್ಲಿ ಸಿಕ್ಕಿಬಿದ್ದ 17 ಎಲ್‌ಟಿಟಿಇ ಸದಸ್ಯರನ್ನು ಕೊಲಂಬೊಗೆ ಒಯ್ಯಲು ಶ್ರೀಲಂಕಾ ಹಟ ಹಿಡಿಯಿತು. ಅಕ್ಟೋಬರ್ 5ರಂದು ಅವರು ಸೈನೈಡ್ ನುಂಗಿದರು. ಪುಲೇಂದ್ರನ್, ಕುಮಾರಪ್ಪ ಸೇರಿ 12 ಮಂದಿ ಸತ್ತರು. ಐದೇ ದಿನಕ್ಕೆ, ಒಪ್ಪಂದದ ಮೇರೆಗೆ ಶ್ರೀಲಂಕಾಕ್ಕೆ ಹೋಗಿದ್ದ ಭಾರತದ ಶಾಂತಿಪಾಲನಾ ಪಡೆ ಎಲ್‌ಟಿಟಿಇ ವಿರುದ್ಧ ಯುದ್ಧಕ್ಕಿಳಿದಿತ್ತು.

● ಮಾತಿನ ದಾರಿ ಹಿಡಿದವರನ್ನು ಸರ್ಕಾರಗಳಷ್ಟೇ ಕೊಂದದ್ದಲ್ಲ. ಒಪ್ಪಂದವನ್ನು ಒಪ್ಪಿ ಚುನಾವಣೆಗೆ ನಿಂತಿದ್ದ ಇನ್ನೊಂದು ತಮಿಳು ಸಂಘಟನೆ ಇಪಿಆರ್‌ಎಲ್‌ಎಫ್‌ನ ನಾಯಕ ಪದ್ಮನಾಭ ಅವರನ್ನು ಎಲ್‌ಟಿಟಿಇ 1990ರ ಜೂನ್ 19ರಂದು ಮದ್ರಾಸಿನ ಕೋಡಂಬಾಕ್ಕಂನಲ್ಲಿ ಸಂಗಡಿಗರ ಸಮೇತ ಕೊಂದಿತು. ಅದಕ್ಕೂ ಸುಮಾರು ಒಂದು ವರ್ಷ ಮೊದಲು ಹಿರಿಯ ತಮಿಳು ಸಂಸದೀಯ ನಾಯಕ ಅಮೃತಲಿಂಗಂ ಕೊಲಂಬೊದಲ್ಲಿ ಹತರಾಗಿದ್ದರು.

● 1991ರ ಮೇ 21ರಂದು ಮದ್ರಾಸಿನ ಹತ್ತಿರದ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು. ಸಂಚಿನ ಮುಂದಾಳು ಶಿವರಾಸನ್ ಆಗಸ್ಟ್ 20ರಂದು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಶವವಾಗಿ ಸಿಕ್ಕ. ಮರುವರ್ಷ ಭಾರತ ಎಲ್‌ಟಿಟಿಇಯನ್ನು ನಿಷೇಧಿಸಿತು. ದೆಹಲಿಯೊಂದಿಗೆ ಮಾತಾಡಲು ಇದ್ದ ಬಾಗಿಲನ್ನು ಎಲ್‌ಟಿಟಿಇ ತಾನೇ ಮುಚ್ಚಿಕೊಂಡಿತ್ತು.

● ಈಗ ಮುಖ್ಯ ಪ್ರಕರಣಕ್ಕೆ ಬರೋಣ. 2007ರ ನವೆಂಬರ್ 2ರ ಮುಂಜಾನೆ ಶ್ರೀಲಂಕಾ ವಾಯುಪಡೆಯ ವಿಮಾನಗಳು ಕಿಲಿನೊಚ್ಚಿಯಲ್ಲಿ ಬಾಂಬು ಹಾಕಿದವು. ಸತ್ತವರು ಎಲ್‌ಟಿಟಿಇಯ ರಾಜಕೀಯ ವಿಭಾಗದ ಮುಖ್ಯಸ್ಥ ಎಸ್.ಪಿ. ತಮಿಳ್‌ಸೆಲ್ವನ್ ಮತ್ತು ಐವರು ಸಂಗಡಿಗರು. ಹೊಡೆದದ್ದು ಡ್ರೋನ್ ಅಲ್ಲ, ಯುದ್ಧವಿಮಾನ. ನಾಯಕನನ್ನೇ ಗುರಿಯಿಟ್ಟು ಕೊಲ್ಲುವ ಲೆಕ್ಕಾಚಾರ ಮಾತ್ರ ಇಂದಿನ ಡ್ರೋನ್ ದಾಳಿಗಳದ್ದೇ. 2006ರ ಅಕ್ಟೋಬರ್‌ನಲ್ಲಿ ಜಿನೀವಾದಲ್ಲಿ ಎಲ್‌ಟಿಟಿಇ ನಿಯೋಗದ ನೇತೃತ್ವ ವಹಿಸಿದ್ದವರು, ನಾರ್ವೆಯ ಮಧ್ಯವರ್ತಿಗಳು ಕಿಲಿನೊಚ್ಚಿಗೆ ಬಂದಾಗ ನಗುಮೊಗದಿಂದ ಎದುರುಗೊಳ್ಳುತ್ತಿದ್ದವರು ಇವರೇ. ಬಾಲಸಿಂಗಂ 2006ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಕಾಯಿಲೆಯಿಂದ ತೀರಿಕೊಂಡಿದ್ದರು. ಒಂದು ವರ್ಷದೊಳಗೆ ಹೊರಜಗತ್ತು ಬಲ್ಲ ಇಬ್ಬರು ಸಂಧಾನಕಾರರೂ ಇಲ್ಲವಾದರು.

● ತಮಿಳ್‌ಸೆಲ್ವನ್ ಸಾವಿಗೆ ಚೆನ್ನೈನಲ್ಲಿ ಮುಖ್ಯಮಂತ್ರಿ ಕರುಣಾನಿಧಿ ಶೋಕಗೀತೆ ಬರೆದರು. ನಿಷೇಧಿತ ಸಂಘಟನೆಯವರಿಗೆ ಮುಖ್ಯಮಂತ್ರಿ ಕಂಬನಿ ಮಿಡಿಯುವುದೇ ಎಂದು ಆಗ ವಿರೋಧ ಪಕ್ಷದಲ್ಲಿದ್ದ ಜಯಲಲಿತಾ ಹರಿಹಾಯ್ದರು.

● ಎರಡೇ ತಿಂಗಳಲ್ಲಿ, 2008ರ ಜನವರಿ 2ರಂದು, ಎಲ್‌ಟಿಟಿಇಯೊಂದಿಗಿನ 2002ರ ಕದನವಿರಾಮ ಒಪ್ಪಂದದಿಂದ ಹೊರಬರುವುದಾಗಿ ಕೊಲಂಬೊ ಘೋಷಿಸಿತು. ತಮಿಳ್‌ಸೆಲ್ವನ್ ಜಾಗಕ್ಕೆ ಬಂದ ನಡೇಶನ್ 2009ರ ಮೇ 18ರಂದು, ಯುದ್ಧದ ಕೊನೆಯ ಗಳಿಗೆಯಲ್ಲಿ ಸತ್ತರು. ಬಿಳಿ ಬಾವುಟ ಹಿಡಿದು ಶರಣಾಗಲು ಬಂದವರನ್ನು ಕೊಲ್ಲಲಾಯಿತು ಎಂಬ ಆರೋಪ ಇಂದಿಗೂ ಇದೆ. ಶ್ರೀಲಂಕಾ ಅದನ್ನು ಅಲ್ಲಗಳೆಯುತ್ತದೆ. ಯುದ್ಧ ಮುಗಿಯಿತು. ತಮಿಳರಿಗೆ ಎಷ್ಟು ಅಧಿಕಾರ ಎಂಬ ಥಿಂಪುವಿನ ಪ್ರಶ್ನೆ ಮಾತ್ರ ಇನ್ನೂ ಮುಗಿದಿಲ್ಲ.

● ಬೇರೆ ದೇಶಗಳಲ್ಲೂ ಇಂಥ ಕಥೆಗಳಿವೆ. ಪಾಕಿಸ್ತಾನದ ನೆಲದಲ್ಲಿ ಅಮೆರಿಕದ ಮೊದಲ ಡ್ರೋನ್ ದಾಳಿಗೆ ಬಲಿಯಾದದ್ದು ಬಂಡುಕೋರ ನಾಯಕ ನೆಕ್ ಮುಹಮ್ಮದ್, 2004ರ ಜೂನ್‌ನಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಆತ ಪಾಕಿಸ್ತಾನದ ಸೇನೆಯೊಂದಿಗೆ ಶಕಾಯಿಯಲ್ಲಿ ಒಪ್ಪಂದ ಮಾಡಿಕೊಂಡಿದ್ದ. ಅದು ಬೇಗನೆ ಮುರಿದಿತ್ತು.

● 2013ರ ನವೆಂಬರ್ 1ರಂದು ಪಾಕಿಸ್ತಾನಿ ತಾಲಿಬಾನಿನ ನಾಯಕ ಹಕೀಮುಲ್ಲಾ ಮೆಹ್ಸೂದ್ ಡ್ರೋನ್ ದಾಳಿಯಲ್ಲಿ ಸತ್ತ. ಮರುದಿನವೇ ಸಂಧಾನದ ನಿಯೋಗ ಹೊರಡಲಿತ್ತು. ಅವನ ಜಾಗಕ್ಕೆ ಬಂದವನು ಮಾತುಕತೆಯನ್ನು ಒಲ್ಲೆನೆಂದ ಫಜ್ಲುಲ್ಲಾ, ಮಲಾಲಾ ಮೇಲೆ ಗುಂಡು ಹಾರಿಸಿದ ಗುಂಪಿನ ನಾಯಕ. 2014ರಲ್ಲಿ ಆರಂಭವಾದ ಮಾತುಕತೆ ಕೆಲವೇ ತಿಂಗಳಲ್ಲಿ ಕುಸಿಯಿತು.

● ಎಲ್ಲ ಸಲವೂ ಹೀಗೇ ಆಗುತ್ತದೆ ಎಂದಲ್ಲ. 1996ರ ಏಪ್ರಿಲ್‌ನಲ್ಲಿ ಚೆಚೆನ್ಯಾದ ನಾಯಕ ದುದಾಯೆವ್ ಉಪಗ್ರಹ ಫೋನಿನಲ್ಲಿ ಮಾತಾಡುತ್ತಿದ್ದಾಗ ರಷ್ಯಾದ ಕ್ಷಿಪಣಿ ಅವರನ್ನು ಕೊಂದಿತು. ಆದರೂ ಆಗಸ್ಟ್‌ನಲ್ಲಿ ಯುದ್ಧ ನಿಲ್ಲಿಸುವ ಖಸವ್ಯುರ್ತ್ ಒಪ್ಪಂದವಾಯಿತು. ನಾಯಕ ಸತ್ತ ಮೇಲೂ ಅವರ ಕಡೆ ಮಾತು ಕೊಡಬಲ್ಲವರು, ಕೊಟ್ಟ ಮಾತಿಗೆ ಪಡೆಯನ್ನು ಒಪ್ಪಿಸಬಲ್ಲವರು ಉಳಿದಿದ್ದರು.

● ಅಫ್ಗಾನ್ ತಾಲಿಬಾನಿನ ನಾಯಕ ಮುಲ್ಲಾ ಮನ್ಸೂರ್‌ನನ್ನು ಅಮೆರಿಕ 2016ರಲ್ಲಿ ಡ್ರೋನ್‌ನಿಂದ ಕೊಂದಿತು. ಅದೇ ಸಂಘಟನೆಯ ಅಬ್ದುಲ್ ಘನಿ ಬರಾದರ್‌ನನ್ನು ಪಾಕಿಸ್ತಾನ 2010ರಲ್ಲಿ ಕರಾಚಿಯಲ್ಲಿ ಸೆರೆಹಿಡಿದಿತ್ತು. 2018ರಲ್ಲಿ ಬಿಡುಗಡೆಯಾದ ಬರಾದರ್, 2020ರ ಫೆಬ್ರವರಿ 29ರಂದು ದೋಹಾದಲ್ಲಿ ಅಮೆರಿಕದೊಂದಿಗಿನ ಒಪ್ಪಂದಕ್ಕೆ ಸಹಿ ಹಾಕಿದ. ಅದು ಅಫ್ಗಾನರಿಗೆ ನೆಮ್ಮದಿ ತರಲಿಲ್ಲ, ನಿಜ. ಆದರೆ ಸಹಿ ಹಾಕಲು ಒಬ್ಬ ಸಿಕ್ಕಿದ್ದು ಅವನನ್ನು ಜೀವಂತ ಹಿಡಿದಿದ್ದರಿಂದ.

● 2024ರ ಜುಲೈ 31ರಂದು ಹಮಾಸ್‌ನ ನಾಯಕ ಇಸ್ಮಾಯಿಲ್ ಹನಿಯೆ ತೆಹರಾನಿನಲ್ಲಿ ಹತರಾದಾಗ ಮಧ್ಯವರ್ತಿ ಕತಾರಿನ ಪ್ರಧಾನಿ ಕೇಳಿದ್ದೂ ಇದನ್ನೇ: ಎದುರು ಕೂತವರನ್ನೇ ಕೊಂದರೆ ಸಂಧಾನ ಗೆಲ್ಲುವುದು ಹೇಗೆ?

● ಕನ್ನಡಿಗರಿಗೆ ಮಾತಿನ ಬೆಲೆ ಗೊತ್ತು. 2000ದಲ್ಲಿ ಕಾಡುಗಳ್ಳ ವೀರಪ್ಪನ್ ಅಪಹರಿಸಿದ್ದ ನಟ ಡಾ. ರಾಜ್‌ಕುಮಾರ್ 108 ದಿನಗಳ ನಂತರ ಮರಳಿದ್ದು ಕಾಡಿನೊಳಗೆ ನಡೆದ ಮಾತುಕತೆಯಿಂದ. ಸರ್ಕಾರದ ದೂತರಾಗಿ ಮೊದಲು ಹೋದವರು ಚೆನ್ನೈನ ‘ನಕ್ಕೀರನ್’ ಪತ್ರಿಕೆಯ ಸಂಪಾದಕ ಗೋಪಾಲ್.

● 2005ರ ಫೆಬ್ರವರಿ 6ರಂದು ಚಿಕ್ಕಮಗಳೂರಿನ ಕಾಡಿನಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದರು. ಸರ್ಕಾರ ಮತ್ತು ನಕ್ಸಲರ ನಡುವಿನ ಮಾತುಕತೆಗಾಗಿ ಪತ್ರಕರ್ತೆ ಗೌರಿ ಲಂಕೇಶ್ ಮೊದಲಾದವರು ಓಡಾಡುತ್ತಿದ್ದ ಕಾಲವದು. ವಾರ ತುಂಬುವ ಮೊದಲೇ ಪಾವಗಡದ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ನಕ್ಸಲರ ದಾಳಿ ನಡೆದು ಪೊಲೀಸರು ಪ್ರಾಣ ತೆತ್ತರು.

● 2024ರ ನವೆಂಬರ್‌ನಲ್ಲಿ ಹೆಬ್ರಿ ಸಮೀಪ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಹತರಾದರು. ಈ ಬಾರಿ ನಾಗರಿಕ ಮುಖಂಡರು ಮಾತು ನಿಲ್ಲಲು ಬಿಡಲಿಲ್ಲ. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಆರು ಮಂದಿ ನಕ್ಸಲರು ಶರಣಾದರು: ಕರ್ನಾಟಕದ ನಾಲ್ವರು, ತಮಿಳುನಾಡು ಮತ್ತು ಕೇರಳದ ತಲಾ ಒಬ್ಬರು. ಅಂದು ಯಾರ ಪ್ರಾಣವೂ ಹೋಗಲಿಲ್ಲ. ಗುರಿಯಿಡುವ ಮುನ್ನ ಪ್ರತಿ ಸರ್ಕಾರವೂ, ಪ್ರತಿ ಬಂಡುಕೋರ ಸಂಘಟನೆಯೂ ಈ ದಿನವನ್ನು ನೆನೆಯಬೇಕು.