ಅರ್ಜಿಗೆ ಮುನ್ನ ಚಕ್ಕುಬಂದಿಯವರಿಗೊಂದು ಪತ್ರ

ಕ್ರಯಪತ್ರದ ಷೆಡ್ಯೂಲಿನಲ್ಲಿ ಪೂರ್ವಕ್ಕೆ ಇಂತಹವರ ಸ್ವತ್ತು, ಪಶ್ಚಿಮಕ್ಕೆ ಇಂತಹವರ ಮನೆ ಎಂದು ಚಕ್ಕುಬಂದಿ ಬರೆಯಿಸದೆ ಯಾರೂ ನಿವೇಶನ ಕೊಳ್ಳುವುದಿಲ್ಲ. ಹದ್ದುಬಸ್ತು ಅಳತೆಗೂ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಹೋಗುತ್ತದೆ. ಆದರೆ ಅದೇ ಜಾಗದಲ್ಲಿ ಕಾರ್ಖಾನೆ ಹೂಡಲು ಭೂಬಳಕೆ ಬದಲಾವಣೆ ಕೋರುವಾಗ ಹಲವು ಉದ್ದಿಮೆದಾರರಿಗೆ ಈ ನೆರೆಯವರ ನೆನಪೇ ಆಗುವುದಿಲ್ಲ.

ಕಾನೂನೂ ಇದಕ್ಕೆ ಸ್ವಲ್ಪಮಟ್ಟಿಗೆ ಕಾರಣ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ 14-ಎ ಪ್ರಕರಣದಂತೆ ಬದಲಾವಣೆಯ ಪ್ರಸ್ತಾವವನ್ನು ಆ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆಗಳಿಗೆ ಕನಿಷ್ಠ 15 ದಿನಗಳ ಅವಕಾಶ ನೀಡತಕ್ಕದ್ದು. ಪಕ್ಕದ ಮಾಲೀಕರಿಗೆ ಪ್ರತ್ಯೇಕ ತಿಳಿವಳಿಕೆ ಕೊಡಬೇಕೆಂದು ಆ ಪ್ರಕರಣ ಹೇಳುವುದಿಲ್ಲ. ಒಳಪುಟದಲ್ಲಿ ಸರ್ವೆ ನಂಬರಿನೊಡನೆ ಸಣ್ಣಕ್ಷರದಲ್ಲಿ ಬರುವ ಪ್ರಕಟಣೆಯನ್ನು ಓದುವವರು ವಿರಳ. ಯಂತ್ರಕ್ಕೆ ತಳಪಾಯ ತೋಡುವ ದಿನವೇ ನೆರೆಮನೆಯವರಿಗೆ ವಿಷಯ ತಿಳಿಯುತ್ತದೆ. ಅಷ್ಟರಲ್ಲಿ ಸಾಲ ಬಿಡುಗಡೆಯಾಗಿರುತ್ತದೆ, ಯಂತ್ರಕ್ಕೆ ಮುಂಗಡ ಹೋಗಿರುತ್ತದೆ. 15 ದಿನಗಳಲ್ಲಿ ಮುಗಿಯಬಹುದಾಗಿದ್ದ ತಕರಾರು ರಿಟ್ ಅರ್ಜಿಯಾಗಿ ವರ್ಷಗಟ್ಟಲೆ ನಡೆಯುತ್ತದೆ. ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿಲ್ಲ ಎಂಬ ವಾದಕ್ಕೆ ಈಗ ಆಧಾರವಿಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಹಂಚಿದ್ದನ್ನು ಅಲ್ಲಿನ ನಿವಾಸಿಗಳೇ ಪ್ರಶ್ನಿಸಿದ್ದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದು ಹೆಸರಾದ ಆ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಅವರ ಹಕ್ಕನ್ನು ಎತ್ತಿಹಿಡಿದು, ಹಂಚಿಕೆಯನ್ನು ಊರ್ಜಿತಗೊಳಿಸಲು ನಿರಾಕರಿಸಿತು. ಮೇಲಿನವರ ಕೃಪೆಯೊಂದಿದ್ದರೆ ಸಾಕೆಂದು ನಂಬುವ ಉದ್ದಿಮೆದಾರರು ಈ ತೀರ್ಪನ್ನು ಒಮ್ಮೆ ಓದುವುದು ಒಳಿತು.

ಆದುದರಿಂದ ಅರ್ಜಿ ಸಲ್ಲಿಸುವ ಮೊದಲೇ ನೆರೆಯ ಮಾಲೀಕರಿಗೆ ಒಂದು ಪುಟದ ಪತ್ರ ಬರೆಯುವುದು ಲಾಭದ ಮಾತು. "ಯಾವ ತೊಂದರೆಯೂ ಆಗದು" ಎಂಬ ಸವಿಮಾತಿನಿಂದ ಪ್ರಯೋಜನವಿಲ್ಲ. ಎಷ್ಟು ಅಶ್ವಶಕ್ತಿಯ ಯಂತ್ರ, ಎಷ್ಟು ಪಾಳಿ, ಜನರೇಟರ್ ಯಾವ ಗೋಡೆಯ ಬಳಿ, ಲಾರಿ ಯಾವ ಬಾಗಿಲಿನಿಂದ, ಕೊಳೆನೀರು ಎಲ್ಲಿಗೆ ಎಂಬುದನ್ನು ನಕ್ಷೆಯೊಡನೆ ತಿಳಿಸಬೇಕು. ಶಬ್ದದ ವಿಷಯದಲ್ಲಿ ಅಂಕಿ ಹೇಳುವುದೇ ಲೇಸು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ವಿಧಿಸಿವೆ. ರಾತ್ರಿಯೆಂದರೆ 10ರಿಂದ ಬೆಳಗಿನ 6. ರಾತ್ರಿಪಾಳಿಯ ಯೋಚನೆಯಿದ್ದರೆ ಅದನ್ನು ಮುಚ್ಚಿಡುವುದು ಅಪಾಯಕಾರಿ. ಪಕ್ಕದವರು ಜನರೇಟರನ್ನು ಇನ್ನೊಂದು ಮೂಲೆಗೆ ಸರಿಸಿ ಎಂದರೆ ನಕ್ಷೆಯಲ್ಲಿ ಗೆರೆ ಬದಲಿಸಿದರಾಯಿತು. ಕಾಂಕ್ರೀಟು ಬಿದ್ದ ಮೇಲೆ ಅದೇ ಕೋರಿಕೆ ದುಬಾರಿಯಾಗುತ್ತದೆ.

ನೆರೆಯವರ ಒಪ್ಪಿಗೆ ಪತ್ರವು ಪರವಾನಗಿಯಲ್ಲ. ಕಾನೂನು ನಿಷೇಧಿಸಿದ್ದನ್ನು ಅದು ಸಕ್ರಮಗೊಳಿಸದು. ಅಂತೆಯೇ ಅವರು ಸಹಿ ಹಾಕದಿದ್ದರೆ ಅರ್ಜಿಯೇ ಬಿದ್ದುಹೋಯಿತೆಂದೂ ಅಲ್ಲ. ಪತ್ರ ತಲುಪಿದ್ದಕ್ಕೆ ಸ್ವೀಕೃತಿಯಿದ್ದರೆ ಸಾಕು.

ಹಳೆಯ ಕ್ರಯಪತ್ರದ ಚಕ್ಕುಬಂದಿಯಲ್ಲಿರುವ ಹೆಸರು ತಂದೆಯದೋ ತಾತನದೋ ಆಗಿರಬಹುದು. ಆಸ್ತಿ ವಿಭಾಗವಾಗಿ ನಾಲ್ವರಿಗೆ ಹಂಚಿಹೋಗಿರಬಹುದು. ಈಗಿನ ಖಾತೆ ನೋಡಿ ಪ್ರತಿಯೊಬ್ಬರಿಗೂ ಬೇರೆಯಾಗಿ ಪತ್ರ ಕಳುಹಿಸಬೇಕು. ಮಾಲೀಕರು ಪರಊರಿನಲ್ಲಿದ್ದರೆ ಮನೆಯ ಬಾಡಿಗೆದಾರರಿಗೂ ಒಂದು ಪ್ರತಿ ಕೊಡುವುದು ಉಚಿತ. ರಾತ್ರಿ ಸದ್ದು ಕೇಳುವವರು ಅವರೇ.