ಕಪ್ಪತ್ತಗುಡ್ಡದ ಕಾಲುದಾರಿ: ಬೆಲೆಯೂ ಮೌಲ್ಯವೂ

ನವಲಗುಂದದ ಗುಡ್ಡವೊಂದನ್ನು ಬಿಟ್ಟರೆ ನಮ್ಮ ಎರೆಸೀಮೆಯ ಜನರಿಗೆ ಬೆಟ್ಟವೆಂಬುದು ಅಪರೂಪದ ದೃಶ್ಯ. ಅಣ್ಣಿಗೇರಿಯನ್ನು ದಾಟಿ ಪೂರ್ವಕ್ಕೆ ಗದಗವನ್ನು ತಲುಪಿ, ಅಲ್ಲಿಂದ ಡಂಬಳ, ಡೋಣಿಗಳ ಮಾರ್ಗ ಹಿಡಿದರೆ ಮಾತ್ರ ಬಯಲು ಮೆಲ್ಲನೆ ಏರತೊಡಗಿ, ಒಂದರ ಹಿಂದೊಂದು ದಿಬ್ಬಗಳು ಕಾಣಿಸಿಕೊಳ್ಳುತ್ತವೆ. ಅದೇ ಕಪ್ಪತ್ತಗುಡ್ಡ. 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇದು ನಮ್ಮ ಧಾರವಾಡ ಜಿಲ್ಲೆಯದೇ ಬೆಟ್ಟವಾಗಿತ್ತು.

ಸೃಷ್ಟಿಯ ಸಂರಕ್ಷಣೆಗಾಗಿ ಸೆಪ್ಟೆಂಬರ್ 1ರಿಂದ ಸಂತ ಫ್ರಾನ್ಸಿಸ್ ಅಸ್ಸಿಸಿಯವರ ಹಬ್ಬವಾದ ಅಕ್ಟೋಬರ್ 4ರವರೆಗೆ ಕ್ರೈಸ್ತ ಸಭೆಯು ವಿಶೇಷ ಪ್ರಾರ್ಥನೆಯ ಕಾಲವನ್ನು ಆಚರಿಸುತ್ತದೆ. ಆ ದಿನಗಳಲ್ಲಿ ನಮ್ಮ ಧರ್ಮಕೇಂದ್ರಗಳ ಯುವಕ ಯುವತಿಯರನ್ನು ಎಲ್ಲಿಗಾದರೂ ಕರೆದೊಯ್ಯಬೇಕೆಂದರೆ ಈ ಗುಡ್ಡಕ್ಕಿಂತ ಒಳ್ಳೆಯ ಪಾಠಶಾಲೆ ಹತ್ತಿರದಲ್ಲಿಲ್ಲ. ಹಿಮಾಲಯವನ್ನೇರುವ ಸಾಹಸವೇನೂ ಇಲ್ಲಿ ಬೇಕಾಗಿಲ್ಲ. ಡೋಣಿಯ ಕಡೆಯಿಂದ ಕಪ್ಪತ್ತ ಮಲ್ಲೇಶ್ವರ ದೇವಸ್ಥಾನದತ್ತ ಭಕ್ತರು ಹಿಂದಿನಿಂದಲೂ ನಡೆದ ದಾರಿ ಇದೆ. ಗಾಳಿಗುಂಡಿಯ ಎತ್ತರದಲ್ಲಿ ನಿಂತರೆ ಹೆಸರಿಗೆ ತಕ್ಕ ಗಾಳಿ, ಸುತ್ತಲೂ ಮಳೆಗೆ ಹಸಿರಾದ ದಿಬ್ಬಗಳ ಸಾಲು, ತಿರುಗುವ ಗಾಳಿಯಂತ್ರಗಳು. ಮಕ್ಕಳೂ ಮುದುಕರೂ ನಿಧಾನವಾಗಿ ನಡೆದು ನೋಡಬಹುದಾದ ತಾಣ.

ಆದರೆ ನಡೆಯುವವನಿಗೆ ತನ್ನ ಕಾಲಕೆಳಗಿನ ನೆಲದ ಕಥೆಯೂ ತಿಳಿದಿರಬೇಕು. ಈ ನೆಲದಲ್ಲಿ ಚಿನ್ನವಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಡಂಬಳದ ಗುಡ್ಡಗಳ ಹೊನ್ನಿನ ಶಿಲೆಗಳನ್ನು ಕುರಿತು 1874ರಲ್ಲಿಯೇ ವರದಿ ಬರೆದರು. ಕೋಟ್ಯಂತರ ವರ್ಷಗಳ ಹಿಂದಿನ ಇಂತಹ ಶಿಲೆಗಳ ವರ್ಗಕ್ಕೆ ಅವರು ಮುಂದೆ ಇಟ್ಟ ಹೆಸರೇ ‘ಧಾರವಾಡ’. ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ನಮ್ಮ ಜಿಲ್ಲೆಯ ಹೆಸರನ್ನು ಬಲ್ಲುದು ಈ ಕಾರಣದಿಂದ.

ಫೂಟ್ ಬರುವ ಮೊದಲೂ ಇಲ್ಲಿ ಚಿನ್ನ ತೆಗೆಯುವವರಿದ್ದರು. ಸೊರಟೂರಿನ ಹಳ್ಳದಲ್ಲಿ ಮಳೆಗಾಲದ ಪ್ರವಾಹ ಇಳಿದ ಮೇಲೆ ಮರಳನ್ನು ಮರಿಗೆಯಲ್ಲಿ ತೊಳೆದು ಹೊನ್ನಿನ ಕಣಗಳನ್ನು ಆರಿಸುತ್ತಿದ್ದ ಅವರಿಗೆ ಜಲಗಾರರೆಂದು ಹೆಸರು. ಕನ್ನಡದಲ್ಲಿ ಈ ಪದಕ್ಕೆ ಎರಡು ಅರ್ಥಗಳಿವೆ. ಮಣ್ಣು ತೊಳೆದು ಚಿನ್ನ ಶೋಧಿಸುವವನೂ ಜಲಗಾರನೇ, ಬೀದಿಯ ಕಸ ಗುಡಿಸುವವನೂ ಜಲಗಾರನೇ. ಚಿನ್ನವನ್ನು ಕೈಯಲ್ಲಿ ಹಿಡಿದವನು ಧನಿಕನಾಗಲಿಲ್ಲ. ಕಸ ಗುಡಿಸುವವನ ಹೆಸರನ್ನೇ ಅವನೂ ಹೊತ್ತನು. ಅರ್ಥಶಾಸ್ತ್ರದ ದೊಡ್ಡ ಗ್ರಂಥಗಳು ಹೇಳದ ಸತ್ಯವೊಂದನ್ನು ನಮ್ಮ ಭಾಷೆಯ ಒಂದು ಪದ ಹೇಳಿಬಿಡುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಪೆನಿಗಳು ಬಂದವು. ಕಬಲಾಯತಕಟ್ಟಿ, ಹೊಸೂರು, ಅತ್ತಿಕಟ್ಟಿಗಳ ಸುತ್ತ ಬಾವಿಗಳನ್ನು ತೋಡಿ, ಯಂತ್ರಗಳನ್ನು ಹೂಡಿ ಗಣಿಗಾರಿಕೆ ನಡೆಸಿದವು. ನಿರೀಕ್ಷಿಸಿದಷ್ಟು ಚಿನ್ನ ದೊರೆಯಲಿಲ್ಲ. ಕೆಲವೇ ವರ್ಷಗಳಲ್ಲಿ ಹೊರಟುಹೋದವು. ಅಂದಿನ ಕುಳಿಗಳ ಸುತ್ತ ಹುಲ್ಲು, ಮುಳ್ಳುಕಂಟಿಗಳು ಬೆಳೆದವು. ತೋಡಿದವರು ಮರೆತುಹೋದರು, ಗುಡ್ಡ ಉಳಿಯಿತು.

ಗಣಿಗಾರಿಕೆ ಯಶಸ್ವಿಯಾಗಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಉತ್ತರ ಕೋಲಾರದ ಚಿನ್ನದ ಗಣಿಯಲ್ಲಿದೆ. ಅಲ್ಲಿ 1880ರಿಂದ ನೂರಿಪ್ಪತ್ತು ವರ್ಷಗಳ ಕಾಲ, ನೆಲದೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು, ಸುಮಾರು 800 ಟನ್ ಚಿನ್ನವನ್ನು ತೆಗೆದರು. ಆ ಚಿನ್ನದ ಬಲದಿಂದಲೇ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿಯಿತು. ಫೆಬ್ರವರಿ 28, 2001ರಂದು ಗಣಿ ಮುಚ್ಚಿತು. ಚಿನ್ನವೆಲ್ಲ ಬೇರೆಡೆಗೆ ಹೋಯಿತು. ಉಳಿದದ್ದು ಕೆಲಸ ಕಳೆದುಕೊಂಡ ಕುಟುಂಬಗಳು, ಕಲ್ಲುಧೂಳಿನಿಂದ ಪುಪ್ಪುಸ ಕೆಟ್ಟ ವೃದ್ಧರು, ಮತ್ತು ಮೂರು ಕೋಟಿ ಟನ್ನಿಗೂ ಅಧಿಕವಾದ ಸಯನೈಡ್ ಮಣ್ಣಿನ ದಿಬ್ಬಗಳು. ಅವುಗಳಲ್ಲಿ ನಮ್ಮ ಕಥೋಲಿಕ ಬಂಧುಗಳ ಮನೆಗಳೂ ಬಹಳ. ಅಲ್ಲಿಯೂ ದಿಬ್ಬಗಳಿವೆ, ಕಪ್ಪತ್ತಗುಡ್ಡದಲ್ಲಿಯೂ ದಿಬ್ಬಗಳಿವೆ. ಒಂದನ್ನು ದೇವರು ಇಟ್ಟದ್ದು, ಇನ್ನೊಂದನ್ನು ನಾವು ಸುರಿದದ್ದು.

ಸಂತ ತೋಮಸ್ ಅಕ್ವಿನಾಸರು ಅರಿಸ್ಟಾಟಲನನ್ನು ಅನುಸರಿಸಿ ಸಂಪತ್ತನ್ನು ಎರಡಾಗಿ ವಿಂಗಡಿಸುತ್ತಾರೆ. ಅನ್ನ, ನೀರು, ಬಟ್ಟೆ, ವಸತಿಗಳು ಸಹಜ ಸಂಪತ್ತು. ಹಣವು ಕೃತಕ ಸಂಪತ್ತು. ಸಹಜ ಸಂಪತ್ತಿನ ಬಯಕೆಗೆ ಮಿತಿಯುಂಟು, ಏಕೆಂದರೆ ಹೊಟ್ಟೆ ತುಂಬುತ್ತದೆ, ದಾಹ ತಣಿಯುತ್ತದೆ. ಕೃತಕ ಸಂಪತ್ತಿನ ಬಯಕೆಗೆ ಮಿತಿಯಿಲ್ಲ. ಮುಟ್ಟಿದ್ದೆಲ್ಲ ಚಿನ್ನವಾಗಲೆಂದು ಬೇಡಿದ ಮಿಡಾಸ್ ರಾಜನು ಚಿನ್ನದ ರಾಶಿಯ ನಡುವೆ ಹಸಿದ ಕಥೆಯನ್ನು ಅರಿಸ್ಟಾಟಲನು ಈ ವಿಚಾರಕ್ಕೇ ಉದಾಹರಿಸುತ್ತಾನೆ. ಬೆಲೆ ಬೇರೆ, ಮೌಲ್ಯ ಬೇರೆ. ನೀರಿನ ಕರದ ವಿರುದ್ಧ 1980ರಲ್ಲಿಯೂ, ಮತ್ತೆ ಕಳಸಾ-ಬಂಡೂರಿಗಾಗಿ 2015ರಲ್ಲಿಯೂ ಬೀದಿಗಿಳಿದ ನವಲಗುಂದದ ರೈತನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಗೆಂದು ಗಣಿ ಬೇಕೆಂದವರೆಲ್ಲ ದುರಾಸೆಯವರೆಂದು ತೀರ್ಪು ಕೊಡುವುದು ಅನ್ಯಾಯ. ಮಳೆ ಕೈಕೊಟ್ಟ ವರ್ಷ ಗೋವೆಗೋ ಬೆಂಗಳೂರಿಗೋ ಗುಳೇ ಹೋಗುವ ತರುಣನು ಊರಿನಲ್ಲಿಯೇ ಒಂದು ಉದ್ಯೋಗ ಸಿಕ್ಕರೆ ಸಾಕೆಂದು ಹಂಬಲಿಸಿದರೆ ಅದು ಪಾಪವಲ್ಲ. ತಂದೆತಾಯಿಯರನ್ನು ಬಿಟ್ಟು ಹೋಗದೆ ದುಡಿಯಬೇಕೆಂಬುದು ನ್ಯಾಯವಾದ ಆಸೆ. ಈ ಆಸೆಗೆ ಉತ್ತರ ಕೊಡದೆ ಬರಿಯ ಪರಿಸರದ ಉಪದೇಶ ಮಾಡುವ ಧರ್ಮಗುರುವಿನ ಮಾತಿಗೆ ತೂಕವಿರದು. ಆದರೆ ಪ್ರಶ್ನೆ ಇದು: ಒಂದು ತಲೆಮಾರಿಗೆ ಕೂಲಿ ಕೊಟ್ಟು ಮುಂದಿನ ತಲೆಮಾರುಗಳಿಗೆ ಬರಡು ನೆಲವನ್ನು ಬಿಡುವ ಉದ್ಯೋಗವನ್ನು ಉದ್ಯೋಗವೆನ್ನಬಹುದೇ?

ಈ ಸೀಮೆಯ ಜನರು ಆ ಪ್ರಶ್ನೆಯನ್ನು ತಾವೇ ಕೇಳಿಕೊಂಡರು. ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡಲು ರೈತರು 2011ರಲ್ಲಿ ಒಪ್ಪಲಿಲ್ಲ. 2013ರಲ್ಲಿ ಕಂಪೆನಿ ಯೋಜನೆಯನ್ನು ಕೈಬಿಟ್ಟಿತು. ಕಪ್ಪತ್ತಗುಡ್ಡಕ್ಕೆ 2015ರ ಡಿಸೆಂಬರಿನಲ್ಲಿ ದೊರೆತ ಸಂರಕ್ಷಿತ ಪ್ರದೇಶದ ಸ್ಥಾನವನ್ನು ಸರಕಾರವು 2016ರಲ್ಲಿ ಹಿಂತೆಗೆದುಕೊಂಡಾಗ, ಗದಗದ ತೋಂಟದಾರ್ಯ ಮಠದ ಲಿಂಗೈಕ್ಯ ಸಿದ್ಧಲಿಂಗ ಸ್ವಾಮೀಜಿಯವರ ನಾಯಕತ್ವದಲ್ಲಿ 2017ರ ಫೆಬ್ರವರಿಯಲ್ಲಿ ಜನರು ಸತ್ಯಾಗ್ರಹಕ್ಕೆ ಕುಳಿತರು. ಅದೇ ಏಪ್ರಿಲಿನಲ್ಲಿ ಸರಕಾರ ಆ ಸ್ಥಾನವನ್ನು ಮರಳಿಸಿತು. 2019ರಲ್ಲಿ 244 ಚದರ ಕಿಲೋಮೀಟರು ಅರಣ್ಯವು ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ, ಕೃಷ್ಣಮೃಗ, ಚಿರತೆಗಳಿಗೂ ನೂರಾರು ಔಷಧೀಯ ಸಸ್ಯಗಳಿಗೂ ಆಶ್ರಯ ದೊರೆಯಿತು. ಈ ಹೋರಾಟದಲ್ಲಿ ಮುಂದೆ ನಿಂತವರು ಒಬ್ಬ ಮಠಾಧಿಪತಿಗಳೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಸೃಷ್ಟಿಯು ಎಲ್ಲರ ಮನೆಯಾದ್ದರಿಂದ ಅದನ್ನು ಕಾಯುವ ಕೆಲಸದಲ್ಲಿ ಮತದ ಗೋಡೆಗಳಿಲ್ಲ.

ಜಗದ್ಗುರು ದಿವಂಗತ ಫ್ರಾನ್ಸಿಸರು 2015ರ ತಮ್ಮ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ, ಕಂಪೆನಿಗಳು ಕೆಲಸ ಮುಗಿಸಿ ಹೊರಟ ಮೇಲೆ ಉಳಿಯುವ ನಿರುದ್ಯೋಗ, ನಿರ್ಜನ ಊರುಗಳು, ಬಗೆದ ಬೆಟ್ಟಗಳನ್ನು ಕುರಿತು ಎಚ್ಚರಿಸಿದ್ದಾರೆ. ಅದಕ್ಕೂ ಬಹು ಹಿಂದೆ, ಯೋಬನ ಗ್ರಂಥದ 28ನೆಯ ಅಧ್ಯಾಯವು ಗಣಿಗಾರನ ಸಾಹಸವನ್ನು ಬೆರಗಿನಿಂದ ಬಣ್ಣಿಸುತ್ತದೆ. ಅವನು ಕತ್ತಲೆಯೊಳಗೆ ದೀಪ ಹಿಡಿದು ಇಳಿಯುತ್ತಾನೆ, ಬೆಟ್ಟದ ಬುಡವನ್ನೇ ತಿರುವಿ ಹಾಕುತ್ತಾನೆ. ಅಲ್ಲಿ ಗಣಿಗಾರನ ನಿಂದೆಯಿಲ್ಲ. ಇಷ್ಟೆಲ್ಲ ಅಗೆದು ತೆಗೆಯಬಲ್ಲ ಮಾನವನಿಗೆ ಜ್ಞಾನವು ಎಲ್ಲಿ ದೊರೆಯುತ್ತದೆಂಬ ಪ್ರಶ್ನೆ ಮಾತ್ರ ಇದೆ. ದೈವಭಯವೇ ಜ್ಞಾನವೆಂಬುದು ಅದರ ಉತ್ತರ.

ಈ ಪ್ರಶ್ನೆ ಗಣಿ ಕಂಪೆನಿಗಳಿಗಷ್ಟೇ ಅಲ್ಲ, ನಮಗೂ ಸಲ್ಲುತ್ತದೆ. ಬಲಿಪೀಠದ ಪಾತ್ರೆಗೆ ನಾವು ಚಿನ್ನದ ಲೇಪ ಮಾಡಿಸುತ್ತೇವೆ, ಅದು ಆರಾಧನೆ. ಆದರೆ ಮದುವೆಯ ಒಡವೆಗಾಗಿ ಹೊಲ ಒತ್ತೆಯಿಡುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿಲ್ಲವೇ? ನಾಲ್ಕು ತೊಲ ಬಂಗಾರಕ್ಕಾಗಿ ನಿಂತುಹೋದ ನಿಶ್ಚಿತಾರ್ಥಗಳಿಲ್ಲವೇ? ಅಂಗಡಿಯಲ್ಲಿ ಕೇಳುವವರಿರುವವರೆಗೆ ಗುಡ್ಡವನ್ನು ಅಗೆಯುವವರೂ ಇರುತ್ತಾರೆ.

ಆದ್ದರಿಂದ ಯುವಜನರೇ, ಒಂದು ದಿನ ಕಪ್ಪತ್ತಗುಡ್ಡಕ್ಕೆ ನಡೆಯಿರಿ. ಇದು ವನ್ಯಜೀವಿಧಾಮವಾದ್ದರಿಂದ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಹಳೆಯ ಗಣಿಯ ಕುಳಿಗಳತ್ತ ಸುಳಿಯದೆ, ರೂಢಿಯ ದಾರಿಯನ್ನು ಬಿಡದೆ ಸಾಗಿರಿ. ಬೇಸಗೆಯಲ್ಲಿ ಈ ಗುಡ್ಡಕ್ಕೆ ಬೆಂಕಿ ಬೀಳುವುದುಂಟು, ಬೆಂಕಿಕಡ್ಡಿಯನ್ನು ಒಯ್ಯಬೇಡಿರಿ. ಪ್ಲಾಸ್ಟಿಕ್ಕನ್ನು ಅಲ್ಲಿ ಚೆಲ್ಲಬೇಡಿರಿ, ಬೇರೆಯವರು ಚೆಲ್ಲಿದ್ದು ಕಂಡರೆ ಹೆಕ್ಕಿ ತನ್ನಿರಿ. ಜಲಗಾರ ಎಂಬ ಪದದ ಎರಡೂ ಅರ್ಥಗಳು ಅಂದು ನಿಮ್ಮಲ್ಲಿ ಕೂಡಲಿ.